ಗಾಳಿ ತೆಗೆದರಷ್ಟೇ ಸಾಲದು

ಕಳೆದ ಮಳೆಗಾಲದಲ್ಲಿ ಹೊಳಲೂರಿನ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವೇ ಈ ತಿಂಗಳ ಬರಹಕ್ಕೆ ಕಾರಣ. ಬೆಂಗಳೂರಿನಲ್ಲಿ ಓದುತ್ತಿರುವ ಮಗನಿಗೆಂದು ತಾಯಿ ಬದನೆಕಾಯಿ ಎಣ್ಣೆಗಾಯಿ ಮಾಡಿ, ಹೊಸದಾಗಿ ಕೊಂಡ ಯಂತ್ರದಿಂದ ಚೀಲದೊಳಗಿನ ಗಾಳಿಯನ್ನು ತೆಗೆದು, ಬಾಯಿ ಬೆಸೆದು, ರಾತ್ರಿಯ ಬಸ್ಸಿನಲ್ಲಿ ಕಳುಹಿಸಿದರು. “ಒಳಗೆ ಗಾಳಿಯೇ ಇಲ್ಲ, ವಾರವಿಟ್ಟರೂ ಕೆಡದು” ಎಂಬುದು ಅವರ ನಂಬಿಕೆ. ವಸತಿಗೃಹದ ಕೋಣೆಯಲ್ಲಿ ಎರಡು ದಿನ ಇದ್ದ ಆ ಚೀಲ ಮೂರನೆಯ ದಿನಕ್ಕೆ ಪೂರಿಯಂತೆ ಉಬ್ಬಿತ್ತು. ಹುಡುಗ ಅದನ್ನು ಬಿಚ್ಚದೆ ಎಸೆದುಬಿಟ್ಟನು. ಅನ್ನವನ್ನು ಪ್ರಸಾದವೆಂದು ಭಾವಿಸಿ ಅಗುಳೂ ಚೆಲ್ಲದಂತೆ ಬೆಳೆಸಿದ ತಾಯಿಗೆ ಇದು ಸಹಿಸಲಾಗಲಿಲ್ಲ. “ಒಮ್ಮೆ ಬಿಸಿ ಮಾಡಿ ಉಣ್ಣಬಾರದಿತ್ತೇ?” ಎಂದು ನನ್ನ ಮುಂದೆ ಕಣ್ಣೀರು ತಂದುಕೊಂಡರು. ಮಗ ಮಾಡಿದ್ದೇ ಸರಿ ಎಂದು ನಾನು ಹೇಳಬೇಕಾಯಿತು.

ಅಂಗಡಿಯವರು ವ್ಯಾಕ್ಯೂಮ್ ಸೀಲರ್ ಎಂದು ಕರೆಯುವ ಈ ನಿರ್ವಾತ ಯಂತ್ರ ಈಗ ಅನೇಕ ಮನೆಗಳಿಗೆ ಬರುತ್ತಿದೆ. ಕೊಳ್ಳುವ ಮುನ್ನ ಅದು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದುಕೊಳ್ಳುವುದು ಒಳಿತು.

ಗಾಳಿಯಿಲ್ಲದೆಡೆ ಕಾಳು ಕೆಡದೆಂಬುದು ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ಬಯಲುಸೀಮೆಯ ಮನೆಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿಯನ್ನು ಭದ್ರವಾಗಿ ಮುಚ್ಚುತ್ತಿದ್ದರು. ಒಳಗಿನ ಕಾಳು ಮತ್ತು ಹುಳುಗಳ ಉಸಿರಾಟದಿಂದಲೇ ಆಮ್ಲಜನಕ ತೀರಿ, ಹುಳುಗಳು ತಾವಾಗಿಯೇ ಸಾಯುತ್ತಿದ್ದವು. ಹಗೇವನ್ನು ತೆರೆದೊಡನೆ ಯಾರೂ ಒಳಗೆ ಇಳಿಯಬಾರದೆಂಬ ಕಟ್ಟುನಿಟ್ಟು ಇದ್ದುದೂ ಇದೇ ಕಾರಣಕ್ಕೆ. ಅವಸರದಿಂದ ಇಳಿದು ಪ್ರಾಣ ಕಳೆದುಕೊಂಡವರುಂಟು. ಆದರೆ ಒಂದು ಮಾತನ್ನು ಮರೆಯಲಾಗದು: ಹಗೇವಿಗೆ ಇಳಿಯುತ್ತಿದ್ದುದು ಚೆನ್ನಾಗಿ ಒಣಗಿದ ಕಾಳು ಮಾತ್ರ. ಹಸಿಯನ್ನು ಯಾರೂ ಹಗೇವಿಗೆ ಹಾಕಲಿಲ್ಲ. ಯಂತ್ರದ ವಿಷಯದಲ್ಲಿಯೂ ಈ ನಿಯಮವೇ ಮೊದಲನೆಯದು.

ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗಿ ಹರಿಯುವ ನಮ್ಮ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳ ತೇವವೇ ಧಾನ್ಯದ ದೊಡ್ಡ ಶತ್ರು. ಬೆಲ್ಲ ಕರಗುತ್ತದೆ, ಅವಲಕ್ಕಿ ಮೆತ್ತಗಾಗುತ್ತದೆ, ರವೆಯಲ್ಲಿ ಹುಳು ಆಡುತ್ತದೆ, ಹೆಸರು ಅಲಸಂದೆಗಳಿಗೆ ತೂತು ಬೀಳುತ್ತದೆ. ಅಕ್ಕಿ, ಬೇಳೆ, ರವೆ, ಒಣಮೆಣಸಿನಕಾಯಿ, ಸಾರಿನ ಪುಡಿ, ಬೆಲ್ಲ, ಒಣಕೊಬ್ಬರಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಪುಡಿ ಇವುಗಳಿಗೆ ಈ ಯಂತ್ರ ನಿಜವಾಗಿಯೂ ಉಪಕಾರಿ. ಹೊರಗಿನ ತೇವ ಒಳಸೇರದು. ಎಣ್ಣೆಯಂಶವುಳ್ಳ ಪದಾರ್ಥಗಳು ಗಾಳಿಯ ಸಂಪರ್ಕವಿಲ್ಲದೆ ಬೇಗನೆ ಕಮಟು ಹಿಡಿಯವು. ಆದರೆ ಕಾಳಿನೊಳಗೇ ಇರುವ ತೇವವನ್ನು ಯಂತ್ರ ತೆಗೆಯಲಾರದು. ಶೇಕಡ ೧೨ರಿಂದ ೧೩ಕ್ಕಿಂತ ಹೆಚ್ಚು ತೇವವಿಲ್ಲದ ಕಾಳು ಕಾಪಿಡಲು ಯೋಗ್ಯ. ಅಳೆಯುವ ಸಾಧನ ಮನೆಯಲ್ಲಿಲ್ಲದಿದ್ದರೆ ಕಾಳನ್ನು ಹಲ್ಲಿನಿಂದ ಕಡಿಯಿರಿ. ಕಟ್ಟೆಂದು ಮುರಿದರೆ ಸರಿ, ಮೆತ್ತಗೆ ಜಜ್ಜಿದರೆ ಇನ್ನೊಂದೆರಡು ಬಿಸಿಲು ಬೇಕು. ಬಿಸಿಲಿನಿಂದ ತಂದ ಕಾಳನ್ನು ಪೂರ್ತಿ ಆರಿದ ನಂತರವೇ ತುಂಬಬೇಕು. ಹಪ್ಪಳ, ಸಂಡಿಗೆ, ಕಟಕಲು ರೊಟ್ಟಿಗಳಿಗೆ ಈ ಚೀಲ ತಕ್ಕುದಲ್ಲ. ಗಾಳಿಯ ಒತ್ತಡಕ್ಕೆ ಪುಡಿಯಾಗುತ್ತವೆ. ಅವಕ್ಕೆ ಬಿಗಿ ಮುಚ್ಚಳದ ಡಬ್ಬಿಯೇ ಲೇಸು.

ಇನ್ನು ಬೇಯಿಸಿದ ಪದಾರ್ಥದ ವಿಚಾರ. ಆಹಾರವನ್ನು ಕೆಡಿಸುವ ಜೀವಾಣುಗಳೆಲ್ಲವೂ ಗಾಳಿಯನ್ನೇ ಬೇಡುವುದಿಲ್ಲ. ಗಾಳಿಯಿಲ್ಲದೆಡೆಯಲ್ಲಿಯೇ ಬೆಳೆಯುವ ಒಂದು ಜಾತಿಯುಂಟು. ಮಣ್ಣಿನಲ್ಲಿ ಇರುವ ಅದರ ಬೀಜಕಣಗಳು ಗೆಡ್ಡೆ, ಬೆಳ್ಳುಳ್ಳಿ, ತರಕಾರಿಗಳೊಡನೆ ಅಡುಗೆಮನೆಗೆ ಬರುತ್ತವೆ. ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ತೇವವುಳ್ಳ, ಹುಳಿ ಕಡಿಮೆಯಿರುವ, ಗಾಳಿಯಿಲ್ಲದ, ಬೆಚ್ಚನೆಯ ಸ್ಥಳ ದೊರೆತರೆ ಅವು ಚಿಗುರಿ ಉಗ್ರವಾದ ವಿಷವನ್ನು ಉಂಟುಮಾಡುತ್ತವೆ. ಇದರಿಂದ ಬರುವ ಬಾಟುಲಿಸಂ ಎಂಬ ರೋಗ ವಿರಳವಾದರೂ ಪ್ರಾಣಾಂತಿಕ. ದೃಷ್ಟಿ ಎರಡಾಗುವುದು, ರೆಪ್ಪೆ ಜೋಲುವುದು, ನುಂಗಲಾಗದಿರುವುದು ಅದರ ಲಕ್ಷಣಗಳು. ಇವು ಕಂಡರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ಕೆಲವೊಮ್ಮೆ ಆಹಾರದ ವಾಸನೆಯಾಗಲಿ ರುಚಿಯಾಗಲಿ ಬದಲಾಗಿರುವುದೇ ಇಲ್ಲ. ಆದುದರಿಂದ ಪಲ್ಯ, ಎಣ್ಣೆಗಾಯಿ, ಅನ್ನ, ಬೇಯಿಸಿದ ಬೇಳೆ, ಸುಲಿದ ಬೆಳ್ಳುಳ್ಳಿ, ಅಣಬೆ ಇವನ್ನು ಗಾಳಿ ತೆಗೆದು ಹೊರಗಡೆ ಇಡುವುದು ಸರ್ವಥಾ ಕೂಡದು. ಅಂತಹ ಚೀಲ ಉಬ್ಬಿದ್ದರೆ ರುಚಿ ನೋಡುವ ಗೊಡವೆಯೂ ಬೇಡ.

“ಹಾಗಾದರೆ ಪೇಟೆಯಲ್ಲಿ ಸಿಗುವ ಸಿದ್ಧ ಪಲಾವ್ ಪೊಟ್ಟಣ ತಿಂಗಳುಗಟ್ಟಲೆ ಹೇಗೆ ಉಳಿಯುತ್ತದೆ?” ಎಂದು ನೀವು ಕೇಳಬಹುದು. ಮೈಸೂರಿನಲ್ಲಿ ೧೯೬೧ರಲ್ಲಿ ಸ್ಥಾಪನೆಗೊಂಡ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ನಮ್ಮ ಸೈನಿಕರಿಗಾಗಿ ಇಂತಹ ಆಹಾರವನ್ನು ರೂಪಿಸುತ್ತ ಬಂದಿದೆ. ಅಲ್ಲಿನ ವಿಧಾನದಲ್ಲಿ ಆಹಾರವನ್ನು ವಿಶೇಷ ಪದರಗಳ ಚೀಲದಲ್ಲಿ ಮುಚ್ಚಿದ ಬಳಿಕ, ಒತ್ತಡದಲ್ಲಿ ಸುಮಾರು ೧೨೧ ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಳಪಡಿಸುತ್ತಾರೆ. ಕಾಪಾಡುವುದು ಆ ಶಾಖ. ಚೀಲ ಬರಿಯ ಕಾವಲುಗಾರ. ನಾವು ಕುಕ್ಕರಿನಲ್ಲಿ ಬೇಯಿಸಿ ಆಮೇಲೆ ಚೀಲಕ್ಕೆ ತುಂಬಿದರೆ, ಸೌಟು, ಕೈ, ಚೀಲಗಳಿಂದ ಜೀವಾಣುಗಳು ಮರಳಿ ಸೇರುತ್ತವೆ. ಎರಡೂ ಚೀಲಗಳು ನೋಡಲು ಒಂದೇ ತೆರನಾದರೂ ಒಳಗಿನ ಸಂಗತಿ ಬೇರೆ.

ಬೇಯಿಸಿದ್ದನ್ನು ಚೀಲದಲ್ಲಿ ಇಡಲೇಬೇಕೆಂದರೆ ಬೇಗನೆ ತಣಿಸಿ, ಮೈನಸ್ ೧೮ ಡಿಗ್ರಿಯ ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಬೇಕು. ಕರಗಿಸುವಾಗ ಚೀಲದ ಬಾಯಿ ಕತ್ತರಿಸಿ, ಫ್ರಿಜ್ಜಿನ ಒಳಗೇ ಕರಗಿಸಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಹೋಗುವ ಊರುಗಳಲ್ಲಿ ಈ ಏರ್ಪಾಡನ್ನು ನಂಬಿಕೊಳ್ಳದಿರುವುದೇ ಜಾಣತನ.

ಇಷ್ಟು ತಿಳಿದ ಮೇಲೆ ಯಂತ್ರದ ಆಯ್ಕೆ ಕಠಿಣವಲ್ಲ. ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಕೈಪಂಪು; ಕವಾಟವುಳ್ಳ ಚೀಲ ಅಥವಾ ಡಬ್ಬಿಯಿಂದ ಗಾಳಿ ಎಳೆಯುತ್ತದೆ. ದಿನಬಳಕೆಯ ಸಣ್ಣ ಸಂಸಾರಕ್ಕೆ ಇದು ಸಾಕು. ಎರಡನೆಯದು ಚೀಲದ ಬಾಯನ್ನು ಕಚ್ಚಿ ಹಿಡಿದು ಗಾಳಿ ಎಳೆದು ಬೆಸೆಯುವ ಯಂತ್ರ. ಬಹುಪಾಲು ಮನೆಗಳಿಗೆ ಇದೇ ಹೊಂದುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಳಮೈಯಲ್ಲಿ ಉಬ್ಬುಗೆರೆಗಳಿರುವ ಚೀಲವೇ ಬೇಕಾಗುತ್ತದೆ, ಮತ್ತು ದ್ರವ ಪದಾರ್ಥ ಇದಕ್ಕೆ ಆಗದು. ಮೂರನೆಯದು ಚೀಲವನ್ನೇ ಒಳಗಿಟ್ಟು ಮುಚ್ಚುವ ಪೆಟ್ಟಿಗೆಯಾಕಾರದ ಯಂತ್ರ. ಸಾದಾ ಚೀಲ ಸಾಕಾಗುತ್ತದೆ, ದ್ರವವನ್ನೂ ತಡೆದುಕೊಳ್ಳುತ್ತದೆ; ಆದರೆ ಭಾರ ಹೆಚ್ಚು, ಬೆಲೆಯೂ ಹೆಚ್ಚು. ಚಟ್ನಿಪುಡಿ, ಮಸಾಲೆ ಮಾರುವ ಮಹಿಳಾ ಸಂಘಗಳು ಕೂಡಿ ಕೊಳ್ಳುವುದಕ್ಕೆ ಅದು ತಕ್ಕುದು.

ಅಂಗಡಿಯಲ್ಲಿ ಈ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಬೆಸುಗೆಯ ಪಟ್ಟಿ ಅಗಲವಾಗಿದೆಯೇ? ಎಡೆಬಿಡದೆ ಎಷ್ಟು ಚೀಲ ಬೆಸೆಯಬಹುದು, ನಡುವೆ ಎಷ್ಟು ಹೊತ್ತು ತಣಿಯಬೇಕು? ರಬ್ಬರಿನ ಪಟ್ಟಿ ಸವೆದರೆ ಶಿವಮೊಗ್ಗದಲ್ಲಿಯೋ ಭದ್ರಾವತಿಯಲ್ಲಿಯೋ ಬದಲಿ ಸಿಗುವುದೇ? ಚೀಲಗಳು ಬೇರೆಡೆಯೂ ದೊರೆಯುವವೇ? ಯಂತ್ರದ ಬೆಲೆ ಒಮ್ಮೆ ಕೊಡುವಂಥದು, ಚೀಲದ ಬೆಲೆ ಪ್ರತಿ ತಿಂಗಳದು. ವರ್ಷಕ್ಕೆ ಎಷ್ಟು ಚೀಲ ಬೇಕೆಂದು ಮನೆಯಲ್ಲಿ ಲೆಕ್ಕ ಹಾಕಿಯೇ ಹೊರಡಿರಿ. ಚೀಲ ನೈಲಾನ್ ಮತ್ತು ಪಾಲಿಥೀನ್ ಪದರಗಳಿಂದಾದ, ಆಹಾರಕ್ಕೆ ಯೋಗ್ಯವಾದದ್ದಾಗಿರಲಿ. ತೆಳುವಾದ ಸಾದಾ ಪಾಲಿಥೀನಿನ ಮೂಲಕ ಗಾಳಿ ನಿಧಾನವಾಗಿ ಒಳನುಸುಳುತ್ತದೆ. ಅಮೆರಿಕೆಯಲ್ಲಿರುವ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಯಂತ್ರವಾದರೆ ಅದರ ಬೆನ್ನ ಮೇಲಿನ ಬರಹವನ್ನು ಓದಿರಿ. ಅಲ್ಲಿನ ವಿದ್ಯುತ್ತು ೧೨೦ ವೋಲ್ಟ್, ನಮ್ಮದು ೨೩೦. ನೇರವಾಗಿ ಚುಚ್ಚಿದರೆ ಸುಟ್ಟುಹೋದೀತು.

ಬಳಸುವಾಗ ಪುಡಿಯ ಮೇಲೊಂದು ಮಡಿಸಿದ ತೆಳುಬಟ್ಟೆಯನ್ನಿಟ್ಟರೆ ಅದು ಬೆಸುಗೆಗೆ ಹಾರದು. ಒಣಮೆಣಸಿನಕಾಯಿಯ ತೊಟ್ಟು ಚೀಲವನ್ನು ಚುಚ್ಚೀತು, ಮುರಿದು ತುಂಬಿರಿ. ಚೀಲದ ಮೇಲೆ ತಾರೀಖು ಬರೆಯಿರಿ. ಮರುದಿನ ಮುಟ್ಟಿ ನೋಡಿ, ಸಡಿಲವಾಗಿದ್ದರೆ ಮತ್ತೆ ಬೆಸೆಯಿರಿ.

ಹೊಳಲೂರಿನ ಆ ತಾಯಿ ಯಂತ್ರವನ್ನು ಅಟ್ಟಕ್ಕೆ ಏರಿಸಲಿಲ್ಲ. ಈಗ ಮಗನಿಗೆ ಹೋಗುವುದು ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ ಮತ್ತು ಸಾರಿನ ಪುಡಿ. ಎಣ್ಣೆಗಾಯಿ ಮಾತ್ರ ಅವನು ಊರಿಗೆ ಬಂದಾಗ, ಬಿಸಿ ರೊಟ್ಟಿಯೊಡನೆ. ಅನ್ನವನ್ನು ಎಸೆಯಬಾರದೆಂಬ ನಮ್ಮ ಸಂಸ್ಕಾರ ದೊಡ್ಡದು. ಆದರೆ ಕೆಟ್ಟದ್ದನ್ನು ಉಣ್ಣುವುದರಿಂದ ಅದು ಉಳಿಯುವುದಿಲ್ಲ; ಎಸೆಯುವ ಸಂದರ್ಭವೇ ಬಾರದಂತೆ ಕಾಪಿಡುವುದರಿಂದ ಉಳಿಯುತ್ತದೆ.