ಪರರಿಗೊಂದು ಅಳತೆ, ತಮಗೊಂದು ಅಳತೆ

ತಿಂಥಣಿಯ ಮಗ್ಗುಲಲ್ಲೇ ಕೃಷ್ಣೆ ಹರಿಯುತ್ತಾಳೆ. ಆದರೂ ಸುರಪುರ, ಶಹಾಪುರ ಸೀಮೆಯ ಬಡ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಇದನ್ನು ಕಂಡ ನಮ್ಮವರಲ್ಲಿ ಹಲವರ ತೀರ್ಪು ಸಿದ್ಧವಾಗಿರುತ್ತದೆ: ‘ಸೋಮಾರಿ ಜನ, ಅವರವರ ಕರ್ಮ.’ ನಮ್ಮ ಮಕ್ಕಳು ಅದೇ ಬೆಂಗಳೂರಿಗೆ ಹೋದರೆ ಮಾತ್ರ ‘ಊರಿನಲ್ಲಿ ಅವಕಾಶವಿಲ್ಲ’ ಎನ್ನುತ್ತೇವೆ! ದುಡಿಮೆಯನ್ನರಸಿ ನೂರಾರು ಮೈಲಿ ಹೋಗುವವನು ಸೋಮಾರಿಯಾದುದು ಹೇಗೆ?

ಈ ದೋಷವನ್ನು 1967ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೋನ್ಸ್ ಮತ್ತು ಹ್ಯಾರಿಸ್ ಪ್ರಯೋಗದಿಂದ ತೋರಿಸಿದರು. ಪ್ರಬಂಧದ ಪಕ್ಷವನ್ನು ಬೇರೆಯವರೇ ಗೊತ್ತುಮಾಡಿ ಬರೆಸಿದ್ದರೆಂದು ತಿಳಿದೂ, ಓದಿದವರು ಅದನ್ನು ಬರೆದವನ ಸ್ವಂತ ಮತವೆಂದು ಎಣಿಸುವತ್ತಲೇ ವಾಲಿದರು.

ಸಿದ್ಧಸೇನ ದಿವಾಕರರು ಅದೆಷ್ಟೋ ಶತಮಾನಗಳ ಹಿಂದೆಯೇ ‘ಸನ್ಮತಿ ತರ್ಕ’ದಲ್ಲಿ ನಮ್ಮನ್ನು ಎಚ್ಚರಿಸಿದ್ದಾರೆ. ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಾರ್ಥ ಇವುಗಳಲ್ಲಿ ಒಂದನ್ನೇ ಕಾರಣವೆಂದು ಹಿಡಿಯುವುದು ಮಿಥ್ಯಾತ್ವ. ಐದನ್ನೂ ಕೂಡಿಸಿ ಕಾಣುವುದು ಸಮ್ಯಕ್ತ್ವ. ಪರರ ಕಷ್ಟಕ್ಕೆ ಪೂರ್ವಕೃತವೊಂದನ್ನೇ ಹೇಳಿ ಕೈತೊಳೆದುಕೊಳ್ಳುವ ಶ್ರಾವಕನು ಯಾವ ಅನೇಕಾಂತವನ್ನು ಕಲಿತಂತಾಯಿತು?

ಕರ್ಮಸಿದ್ಧಾಂತವಿರುವುದು ಆತ್ಮಪರೀಕ್ಷೆಗೆ. ನೆರವು ಕೇಳಿ ಬಂದವನನ್ನು ಬಸದಿಯ ಆಡಳಿತ ಮಂಡಳಿಯವರು ಮೊದಲು ಕೇಳಬೇಕಾದುದು, ಈ ವರ್ಷ ಅವನ ಹೊಲಕ್ಕೆ ನೀರು ಬಂದಿತ್ತೇ ಎಂದು. ಗುಣವಿಚಾರ ಆಮೇಲಾಗಲಿ.