ಬೀಗ ಹಾಕಿದ ಬೀರು, ಅಳತೆ ತಪ್ಪಿದ ಹೊಲ

ನಿಮ್ಮೂರ ಹೈಸ್ಕೂಲಿಗೆ ಹೋಗಿ ಗಣಿತದ ಕಲಿಕಾ ಸಾಮಗ್ರಿ ಎಲ್ಲಿದೆ ಅಂತ ಕೇಳಿ ನೋಡಿ. ನಾವು ಕೇಳಿದ ಕಡೆಯೆಲ್ಲ ಒಂದು ಕಬ್ಬಿಣದ ಬೀರು ತೋರಿಸಿದರು. ಒಳಗೆ ಪ್ಲಾಸ್ಟಿಕ್ ಶಂಕು, ಸಿಲಿಂಡರ್, ಗೋಳ. ಕೆಲವಕ್ಕೆ ಕವರ್ ಕೂಡ ಬಿಚ್ಚಿಲ್ಲ. ಗೋಡೆ ಮೇಲೆ ಸೂತ್ರಗಳ ಫ್ಲೆಕ್ಸ್. ಎಸ್ಸೆಸ್ಸೆಲ್ಸಿಯ 20 ಆಂತರಿಕ ಅಂಕಕ್ಕೆ ಮಕ್ಕಳು ತಂದುಕೊಟ್ಟ ಥರ್ಮಾಕೋಲ್ ಮಾದರಿಗಳು ಮೂಲೆಯಲ್ಲಿ ಧೂಳು ತಿನ್ನುತ್ತಿವೆ. ಇದಕ್ಕೆಲ್ಲ ‘ಚಟುವಟಿಕೆ ಆಧಾರಿತ ಕಲಿಕೆ’ ಅಂತ ದೊಡ್ಡ ಹೆಸರು ಬೇರೆ!

ದುಡ್ಡು ಕಡಿಮೆಯಾಗಿ ಹೀಗಾಗಿದೆ ಅಂತ ನಮಗೆ ಅನ್ನಿಸುವುದಿಲ್ಲ. ಇವನ್ನು ರೂಪಿಸುವಾಗ ಊರಲ್ಲಿ ಏನು ಲೆಕ್ಕ ನಡೆಯುತ್ತದೆ ಅಂತ ಯಾರೂ ನೋಡಿಲ್ಲ.

ಜಮೀನಿನ ಲೆಕ್ಕವನ್ನೇ ತಗೊಳ್ಳಿ. ಹೊಲ ಮಾರುವಾಗ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗ ನಮ್ಮ ಕಡೆ ಎದುರುಬದುರಿನ ಬದಿ ಕೂಡಿಸಿ ಅರ್ಧ ಮಾಡಿ, ಎರಡನ್ನೂ ಗುಣಿಸುತ್ತಾರೆ. ನಾಲ್ಕೂ ಮೂಲೆ ಮಟ್ಟವಾಗಿದ್ದರೆ ಸರಿ. ಸೊಟ್ಟ ಇದ್ದರೆ ಈ ಲೆಕ್ಕ ಯಾವತ್ತೂ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದಿಲ್ಲ. ಅಂದರೆ ನಷ್ಟ ಯಾವಾಗಲೂ ಕೊಳ್ಳುವವನಿಗೆ.

ನಾಲ್ಕೂ ಬದಿ 100 ಅಡಿ ಇರುವ ತುಂಡು ಅಂದುಕೊಳ್ಳಿ. ಊರ ಲೆಕ್ಕದಲ್ಲಿ 10,000 ಚದರಡಿ. ಆದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದಾಗ 120 ಅಡಿ ಬಂದರೆ? ತುಂಡು ಎರಡು ತ್ರಿಕೋನವಾಯಿತು. ಒಂದರ ಬದಿಗಳು 100, 100, 120. ಕೂಡಿ ಅರ್ಧ ಮಾಡಿದರೆ 160. ಅದರಲ್ಲಿ ಒಂದೊಂದೇ ಬದಿ ಕಳೆದರೆ 60, 60, 40. ಈ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆದರೆ 4,800. ಎರಡೂ ಸೇರಿ 9,600. ಹೋದದ್ದು 400 ಚದರಡಿ, 30-40 ಸೈಟಿನ ಮೂರನೇ ಒಂದು ಪಾಲು.

ಇದು ಒಂಬತ್ತನೇ ಕ್ಲಾಸಿನ ಹೆರಾನ್ ಸೂತ್ರ. ಫ್ಲೆಕ್ಸ್ ಮೇಲೆ ಬರೆದದ್ದನ್ನು ಮಗ ಬಾಯಿಪಾಠ ಮಾಡಿ ಅಂಕ ತರುತ್ತಾನೆ, ಅದೇ ವರ್ಷ ಅಪ್ಪ ಹೊಲ ಕೊಂಡು ಮೋಸ ಹೋಗುತ್ತಾನೆ. ಇಬ್ಬರನ್ನೂ ಒಂದು ಕಡೆ ತರಲು ಬೇಕಾದ ಸಾಮಗ್ರಿ ನಾಲ್ಕು ಗೂಟ, ಒಂದು ಹಗ್ಗ, ಟೇಪು, ಮತ್ತೆ ಶಾಲೆಯ ಸೊಟ್ಟ ಮೈದಾನ. ಅದೃಷ್ಟಕ್ಕೆ ಸೊಟ್ಟ ಮೈದಾನಕ್ಕೆ ನಮ್ಮಲ್ಲಿ ಬರ ಇಲ್ಲ.

ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿಯಲ್ಲಿ ಬಾವಿ ತೋಡುವ ಲೆಕ್ಕವಿದೆ: ಮೊದಲ ಮೀಟರಿಗೆ 150 ರೂಪಾಯಿ, ಆಮೇಲೆ ಮೀಟರಿಗೆ 50 ಏರುತ್ತದೆ. ಒಳ್ಳೆಯ ಲೆಕ್ಕ. ಆದರೆ ಈಗ ಬಾವಿ ತೋಡಿಸುವವರು ಯಾರು? ಬೋರ್‌ವೆಲ್ ಬಿಲ್ಲು ತನ್ನಿ. ಮೊದಲ 300 ಅಡಿಗೆ ಅಡಿಗೆ 100 ರೂಪಾಯಿ, ಆಮೇಲೆ ಪ್ರತಿ ನೂರಡಿಗೆ ದರ 10 ರೂಪಾಯಿ ಏರುತ್ತದೆ ಅಂತಿಟ್ಟುಕೊಳ್ಳಿ. ಸಾವಿರ ಅಡಿಗೆ ಹೋದರೆ ಮೊದಲಿನ 30,000ದ ಮೇಲೆ 11,000ದಿಂದ 17,000ದವರೆಗೆ ಏಳು ಕಂತು. ನಡುವಿನದು 14,000, ಏಳರಿಂದ ಗುಣಿಸಿ: 98,000. ಒಟ್ಟು 1,28,000. ಕೇಸಿಂಗ್ ಪೈಪು ಬೇರೆ. ಲಾರಿ ಬರುವ ಮೊದಲೇ ಈ ಲೆಕ್ಕ ಹಾಕಬಲ್ಲ ಮಗಳು ಮನೆಯಲ್ಲಿದ್ದರೆ ಎಷ್ಟಡಿಗೆ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನ ಮಾಡಬಹುದು.

ಪಾಯ ಹಾಕುವಾಗ ಮೇಸ್ತ್ರಿ ದಾರದಲ್ಲಿ 3-4-5 ಹಿಡಿಯುವುದು ಪೈಥಾಗೊರಸ್. ಅವರನ್ನು ಅರ್ಧ ಗಂಟೆ ತರಗತಿಗೆ ಕರೆದವರನ್ನು ನಾವಂತೂ ನೋಡಿಲ್ಲ.

ಮೇಷ್ಟ್ರು ‘ಪೋರ್ಷನ್ ಮುಗಿಯಲ್ಲ’ ಅನ್ನುತ್ತಾರೆ. ಅವರ ತಲೆ ಮೇಲೆ ಗಣತಿ, ಚುನಾವಣೆ, ಆನ್‌ಲೈನ್ ಎಂಟ್ರಿ ಎಲ್ಲ ಇದೆ, ನಿಜ. ಆದರೆ ಹಗ್ಗದ ಪಾಠಕ್ಕೆ ಬೇಕಾದದ್ದು ಒಂದೋ ಎರಡೋ ಪೀರಿಯಡ್. ಬಾಯಿಪಾಠ ಮಾಡಿ ಮರೆತದ್ದನ್ನು ಪರೀಕ್ಷೆಗೆ ಮುಂಚೆ ಮತ್ತೆ ಹೇಳಿಕೊಡಲು ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ. ಇಲಾಖೆಗೆ ನಾವು ಕೇಳುವುದಿಷ್ಟೇ: ಮುಂದಿನ ಕಿಟ್ ಕೊಳ್ಳುವ ಮೊದಲು ಹಳ್ಳಿ ಮೇಷ್ಟ್ರುಗಳನ್ನು ಕೂರಿಸಿ ಕೇಳಿ, ಆ ದುಡ್ಡಿನಲ್ಲಿ ಸ್ವಲ್ಪ ಶಾಲೆಯ ಕೈಗೇ ಕೊಡಿ.

ಪೋಷಕರೇ, ಮುಂದಿನ ಶಾಲಾ ಸಭೆಗೆ ಹೋದಾಗ ಆ ಬೀರುವಿನ ಬೀಗದಕೈ ಯಾರ ಹತ್ತಿರ ಇದೆ ಕೇಳಿ. ಹೋಗುವಾಗ ಮನೆಯ ಹಳೇ ಬೋರ್ ಬಿಲ್ಲೊಂದನ್ನು, ನೂರಡಿ ಹಗ್ಗವನ್ನು ಜೊತೆಗೆ ಒಯ್ಯಿರಿ.