ಕೀರಿಗೆ ಬೈಯುವ ಮೊದಲು ಗೂಡಿನ ಬಾಗಿಲು ನೋಡುವ

ಕಳೆದ ತಿಂಗಳು ಒಂದೇ ರಾತ್ರಿಯಲ್ಲಿ ನಮ್ಮ 11 ಕೋಳಿ ಹೋಯ್ತು. ತಿಂದದ್ದು ಎರಡನ್ನು ಮಾತ್ರ. ಉಳಿದ ಒಂಬತ್ತು ಕುತ್ತಿಗೆಗೆ ಕಚ್ಚಿಸಿಕೊಂಡು ಗೂಡಿನ ಒಳಗೇ ಬಿದ್ದಿದ್ದವು. ಅದರಲ್ಲಿ ಮೊಟ್ಟೆ ಇಡುವ ಹೇಂಟೆಗಳೇ ಏಳು, ಕಾವಿಗೆ ಕೂತದ್ದು ಒಂದು. ಬೆಳಿಗ್ಗೆ ಹಾಲು ಕರೆಯಲಿಕ್ಕೆ ಹಟ್ಟಿಗೆ ಹೋಗುವಾಗ ಗೂಡಿನಿಂದ ಸದ್ದೇ ಇಲ್ಲ. ಕೋಳಿ ಸಾಕಿದವರಿಗೆ ಗೊತ್ತುಂಟು, ಹಾಗೆ ಸದ್ದಿಲ್ಲದಿದ್ದರೆ ಹತ್ತಿರ ಹೋಗುವ ಮೊದಲೇ ವಿಷಯ ತಿಳಿದುಬಿಡ್ತದೆ.

ಎಂಟು ಗಂಟೆಯ ಒಳಗೆ ಅಂಗಳದಲ್ಲಿ ನಾಲ್ಕು ಜನ ಸೇರಿದರು. ನಾಲ್ಕು ಜನರದ್ದು ನಾಲ್ಕು ಮದ್ದು. ಒಬ್ಬರು ಹೇಳಿದರು, ಸತ್ತ ಕೋಳಿಗೆ ವಿಷ ಹಾಕಿ ಅಲ್ಲೇ ಇಡಿ, ನಾಳೆ ಮತ್ತೆ ಬಂದೇ ಬರ್ತದೆ ಅಂತ. ಇನ್ನೊಬ್ಬರು ಬೇಲಿಯ ಕಂಡಿಗೆ ಬ್ರೇಕ್ ಕೇಬಲಿನ ಉರುಳು ಇಡಿ ಅಂದರು. ಮತ್ತೊಬ್ಬರು ಗೂಡಿನ ಸುತ್ತ ತಂತಿ ಎಳೆದು ಮನೆಯ ಕರೆಂಟ್ ಕೊಡಿ ಅಂದರು. ನಾಲ್ಕನೆಯವರು, ಈ ಕೋಳಿ ಬಿಡುವ ಕಾಲವೇ ಮುಗಿಯಿತು ಮಾರಾಯ್ರೆ, ಇನ್ನು ಪಂಜರದಲ್ಲೇ ಸಾಕಿ, ಇಲ್ಲದಿದ್ದರೆ ಸಾಕಲೇ ಬೇಡಿ ಅಂದರು. ಒಂದು ವಿಷಯದಲ್ಲಿ ಮಾತ್ರ ನಾಲ್ವರೂ ಒಂದೇ. ಇದು ಕೀರಿಯದ್ದೇ ಕೆಲಸ.

ಸುಳ್ಳು ಹೇಳುವುದಿಲ್ಲ, ವಿಷದ ಮಾತು ನನಗೂ ಸರಿ ಕಂಡಿತು. ಒಂದು ಸತ್ತ ಹೇಂಟೆಯನ್ನು ಹಿಡಿದುಕೊಂಡು ಮದ್ದಿನ ಬಾಟ್ಲಿ ಇಡುವ ಕೊಟ್ಟಿಗೆಯವರೆಗೆ ಹೋದೆ. ಹಿಂದೆ ತಿರುಗಿ ನೋಡಿದರೆ ನಮ್ಮ ನಾಯಿ ಆ ಕೋಳಿಯನ್ನು ಮೂಸಿಕೊಂಡು ಬರ್ತಾ ಉಂಟು. ಅಲ್ಲಿಗೆ ಬುದ್ಧಿ ಬಂತು. ಒಂಬತ್ತನ್ನೂ ಹೊಂಡ ತೋಡಿ ಹೂತೆ.

ಆ ಮೇಲೆ ಸಮಾಧಾನದಲ್ಲಿ ಯೋಚಿಸಿದೆ. ಹಿಂದಿನ ದಿನ ಮೂಡಬಿದ್ರೆ ಕಡೆ ಮದುವೆಗೆ ಹೋದವರು ನಾವು ಮನೆಗೆ ಬರುವಾಗ ರಾತ್ರಿ ಒಂಬತ್ತೂವರೆ. ಮಳೆ ಬೇರೆ. ಕೋಳಿ ತಾನಾಗಿಯೇ ಗೂಡಿಗೆ ಹೋಗಿರ್ತದೆ, ಬಾಗಿಲಿಗೆ ಹಲಗೆ ಅಡ್ಡ ಇಟ್ಟದ್ದು ಸಾಕು ಅಂತ ಮಲಗಿದೆ. ಕೋಳಿ ಗೂಡಿಗೆ ಹೋದದ್ದು ಹೌದು. ಆದರೆ ಬಾಗಿಲಿನ ಚಿಲಕ ಹಾಕುವುದು ಕೋಳಿಯ ಕೆಲಸ ಅಲ್ಲವಲ್ಲ.

ಇನ್ನೊಂದು, ಕೀರಿ ಹಗಲಿನ ಪ್ರಾಣಿ. ರಾತ್ರಿ ಗೂಡಿಗೆ ನುಗ್ಗುವುದು ಪುನುಗು ಬೆಕ್ಕು, ಕಾಡುಬೆಕ್ಕು, ಹೆಬ್ಬಾವು, ಇಲ್ಲದಿದ್ದರೆ ಬೀದಿ ನಾಯಿ. ಒಂಬತ್ತನ್ನು ಸುಮ್ಮನೆ ಕೊಂದು ಹೋಗಿದೆ, ಎಂತ ಹಗೆ ಅದಕ್ಕೆ ಅಂತ ನಮ್ಮ ಅಮ್ಮ ಕೇಳಿದರು. ಹಗೆ ಎಂತದ್ದೂ ಅಲ್ಲ. ಗುಡ್ಡೆಯಲ್ಲಿ ಆದರೆ ಒಂದನ್ನು ಹಿಡಿಯುವಾಗ ಉಳಿದವು ಹಾರಿ ಹೋಗ್ತವೆ. ಗೂಡಿನೊಳಗೆ ಹೋಗಲಿಕ್ಕೆ ಜಾಗ ಇಲ್ಲ, ಕಣ್ಣೆದುರೇ ಪಟಪಟ ಹೊಡೆದುಕೊಳ್ತವೆ. ಅಲುಗಿದ್ದನ್ನೆಲ್ಲ ಕಚ್ಚುವುದು ಆ ಪ್ರಾಣಿಯ ಗುಣ. ಹಾಗಾಗಿ ಬಾಗಿಲು ಸರಿ ಇಲ್ಲದ ಗೂಡು, ಗೂಡೇ ಇಲ್ಲದ್ದಕ್ಕಿಂತ ಕಷ್ಟ.

ಈಗ ನನ್ನ ಅಭಿಪ್ರಾಯ ಹೇಳ್ತೇನೆ, ಬೇಜಾರು ಮಾಡಬೇಡಿ. ನಮ್ಮ ಊರಿನಲ್ಲಿ ಕೋಳಿ ಹೋಗುವುದು ಕಾಡುಪ್ರಾಣಿ ಹೆಚ್ಚಾದದ್ದರಿಂದ ಮಾತ್ರ ಅಲ್ಲ. ಸಂಜೆ ಹೊತ್ತಿಗೆ ಮನೆಯಲ್ಲಿ ಜನ ಇಲ್ಲದ್ದರಿಂದ. ಅಮ್ಮನ ಕಾಲದಲ್ಲೂ ಕೀರಿ ಇತ್ತು, ನರಿ ಇತ್ತು, ಗಿಡುಗ ಇತ್ತು. ಆದರೆ ದೀಪ ಹಚ್ಚುವ ಹೊತ್ತಿಗೆ ಒಂದು ಮುಷ್ಟಿ ನುಚ್ಚು ಹಿಡಿದು ಬಾ ಬಾ ಅಂತ ಕರೆದು, ತಲೆ ಲೆಕ್ಕ ಮಾಡಿ, ಬಾಗಿಲು ಹಾಕುವ ಒಬ್ಬರು ಪ್ರತಿ ಮನೆಯಲ್ಲಿ ಇದ್ದರು. ಈಗ ಒಬ್ಬರು ಬಿ.ಸಿ.ರೋಡಿಗೆ ಕೆಲಸಕ್ಕೆ, ಒಬ್ಬರು ಮಂಗಳೂರಿಗೆ, ಮಕ್ಕಳು ಟ್ಯೂಷನ್ನಿಗೆ. ಮನೆಯಲ್ಲಿ ಉಳಿದವರಿಗೆ ಮೆಟ್ಟಿಲು ಇಳಿಯಲಿಕ್ಕೆ ಆಗುವುದಿಲ್ಲ. ಬೈಗುಳ ಮಾತ್ರ ಕೀರಿಗೆ.

ಪ್ರಾಣಿಗಳು ಮನೆಯ ಹತ್ತಿರ ಬಂದದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೂ ಕಾರಣ ನಾವೇ. ಹಡಿಲು ಬಿಟ್ಟ ಗದ್ದೆ ನೋಡಿ. ಮೊದಲು ಏಣೆಲು, ಸುಗ್ಗಿ, ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದ ಬೈಲಿನಲ್ಲಿ ಈಗ ಎದೆ ಮಟ್ಟ ಪೊದೆ. ಏಣೆಲು ಕೊಯ್ದ ಮೇಲೆ ಬಿದ್ದ ಭತ್ತ ಹೆಕ್ಕಲಿಕ್ಕೆ ಕೋಳಿ ಗದ್ದೆಗೆ ಇಳಿಯುತ್ತಿತ್ತು, ಎಲ್ಲಿ ನೋಡಿದರೂ ಬಯಲು, ಕಳ್ಳನಿಗೆ ಅಡಗಲಿಕ್ಕೆ ಜಾಗ ಇರಲಿಲ್ಲ. ಈಗ ಅಂಗಳದಿಂದ ಹತ್ತು ಹೆಜ್ಜೆಗೆ ಪೊದೆ. ಕೀರಿ ಬಾರದೆ ಏನು ಮಾಡ್ತದೆ?

ಹಾಗಂತ ಪಂಜರದಲ್ಲೇ ಸಾಕಿ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಊರ ಕೋಳಿ ಕಟ್ಟಿ ಹಾಕಿದರೆ ಒಂದನ್ನೊಂದು ಕುಕ್ಕಿ ಗರಿ ಕೀಳ್ತದೆ. ತಿನ್ನುವುದೆಲ್ಲ ನಾವೇ ಅಂಗಡಿಯಿಂದ ತಂದು ಹಾಕಬೇಕು. ಬಿಟ್ಟ ಕೋಳಿ ಗೆದ್ದಲು, ಹುಳ, ಹಟ್ಟಿಯ ಹತ್ತಿರದ ಉಣ್ಣಿ, ಹಸಿ ಸೊಪ್ಪು ಅಂತ ಅರ್ಧ ಹೊಟ್ಟೆ ತಾನೇ ತುಂಬಿಸಿಕೊಳ್ತದೆ. ಅಡಿಕೆ ಬುಡ ಬಿಡಿಸುವಾಗ ಮೇಲೆ ಬಂದ ಬೇರುಹುಳವನ್ನು ನಮ್ಮ ಕೈಗಿಂತ ಮೊದಲು ಅದೇ ಹೆಕ್ಕುತ್ತದೆ. ಚೆಂಡಿನ ಸಮಯದಲ್ಲಿ ತಂದ ಬಚ್ಚಂಗಾಯಿಯ ಸಿಪ್ಪೆಯೂ ಅದಕ್ಕೇ. ಬಿಡುವುದು ಬೇಕೇ ಬೇಕು. ಪ್ರಶ್ನೆ ಇರುವುದು ಯಾವ ಹೊತ್ತಿನಲ್ಲಿ, ಎಲ್ಲಿ ಅನ್ನುವುದರಲ್ಲಿ.

ಹೊತ್ತು ನೋಡುವ. ನಸುಕು ಮತ್ತು ಮುಸ್ಸಂಜೆ ನರಿ, ಕಾಡುಬೆಕ್ಕಿನ ಸಮಯ. ಹೇಂಟೆಗಳು ಹೆಚ್ಚಾಗಿ ಬೆಳಿಗ್ಗೆಯೇ ಮೊಟ್ಟೆ ಇಡುವುದು. ಆದ್ದರಿಂದ ಹತ್ತು ಗಂಟೆಯವರೆಗೆ ಗೂಡಿನಲ್ಲೇ ಇಟ್ಟರೆ ಎರಡು ಲಾಭ. ನಸುಕಿನ ಕಳ್ಳರು ತಪ್ಪಿದರು, ಮೊಟ್ಟೆಯೂ ಪೊದೆಯಲ್ಲಿ ಹೋಗದೆ ಗೂಡಿನಲ್ಲೇ ಸಿಕ್ಕಿತು. ಸಂಜೆಯದ್ದು ಗಡಿಯಾರ ನೋಡಿ ಮಾಡಬೇಡಿ. ನಮ್ಮಲ್ಲಿ ನವೆಂಬರಿನಲ್ಲಿ ಸೂರ್ಯ ಮುಳುಗುವುದು 6 ಗಂಟೆಯ ಹತ್ತಿರ, ಜೂನ್ ಕೊನೆಗೆ 7ರ ಹತ್ತಿರ. ಸುಮಾರು ಒಂದು ಗಂಟೆ ವ್ಯತ್ಯಾಸ. ಜೂನಿನ ಲೆಕ್ಕದಲ್ಲಿ ನವೆಂಬರಿನಲ್ಲಿ ಬಾಗಿಲು ಹಾಕಿದರೆ ಆಗಲೇ ಕತ್ತಲು. ಕೋಳಿ ಅಂಗಳದ ಬದಿಗೆ ಬರಲಿಕ್ಕೆ ಶುರು ಮಾಡುವುದೇ ಸರಿಯಾದ ಗಂಟೆ. ಸಂಜೆಯ ನುಚ್ಚನ್ನು ಗೂಡಿನ ಒಳಗೇ ಹಾಕಿ, ಒಂದು ವಾರದಲ್ಲಿ ಅಭ್ಯಾಸ ಆಗ್ತದೆ. ಆದರೆ ರಾತ್ರಿಗೆ ಉಳಿಸಬೇಡಿ. ನುಚ್ಚಿಗೆ ಇಲಿ, ಇಲಿಗೆ ಸರ್ಪ, ಸರ್ಪ ಬಂದರೆ ಮೊಟ್ಟೆಯೂ ಇಲ್ಲ ಮರಿಯೂ ಇಲ್ಲ.

ಇನ್ನು ಜಾಗ. ಹಗಲಿನಲ್ಲಿ ಕೀರಿ ಬಯಲಿನಲ್ಲಿ ಓಡಿ ಬಂದು ಹಿಡಿಯುವುದು ಕಡಿಮೆ. ಪೊದೆಯ ಅಂಚಿನಿಂದ ಹಾರಿ ಹಿಡಿಯುವುದೇ ಹೆಚ್ಚು. ಗಿಡುಗ ಇದರ ಉಲ್ಟಾ, ಅದಕ್ಕೆ ಬಯಲೇ ಬೇಕು. ಹಾಗಾಗಿ ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲ. ನಾನು ಮಾಡಿದ್ದು ಹೀಗೆ: ಗೂಡಿನ ಸುತ್ತ ಹದಿನೈದು ಹೆಜ್ಜೆ ನೆಲ ಮಟ್ಟದ ಪೊದೆ ಪೂರ್ತಿ ಸವರಿದೆ, ಮೇಲಿನ ನೆರಳು ಹಾಗೇ ಬಿಟ್ಟೆ. ಅಡಿಕೆ ತೋಟದ ಒಳಗೆ ಗಿಡುಗಕ್ಕೆ ಇಳಿಯಲಿಕ್ಕೆ ಕಷ್ಟ. ಅಂಗಳದ ಬದಿಗೆ ಬುಡ ಸವರಿದ ದಾಸವಾಳ ನಾಲ್ಕು ಇದ್ದರೆ ಮರಿಗಳಿಗೆ ಓಡಿ ಅಡಗಲಿಕ್ಕೆ ಸಾಕು. ತೆಂಗಿನಲ್ಲಿ ಕಾಜಾಣ ಗೂಡು ಕಟ್ಟಿದ್ದರೆ ಓಡಿಸಬೇಡಿ. ಅಷ್ಟು ಸಣ್ಣ ಹಕ್ಕಿ ಗಿಡುಗವನ್ನೂ ಕಾಗೆಯನ್ನೂ ಅಟ್ಟಿಕೊಂಡು ಹೋಗುವುದನ್ನು ನೀವೇ ನೋಡಿರಬಹುದು.

ಹುಂಜ ಒಂದು ಇರಲೇಬೇಕು. ಮೇಲಿನಿಂದ ಬರುವ ಗಿಡುಗಕ್ಕೆ ಅದು ಕೂಗುವ ರೀತಿ ಬೇರೆ, ನೆಲದಲ್ಲಿ ಬರುವ ನಾಯಿಗೋ ಕೀರಿಗೋ ಕೂಗುವ ರೀತಿ ಬೇರೆ. ಹೇಂಟೆಗಳಿಗೆ ಅದು ಅರ್ಥ ಆಗ್ತದೆ, ಸ್ವಲ್ಪ ದಿನ ಕಿವಿ ಕೊಟ್ಟರೆ ನಮಗೂ ಆಗ್ತದೆ. ಕೋಲಕ್ಕೆ ಅಂತ ಬಿಟ್ಟ ಹುಂಜ ಇದ್ದರೆ ಅದೇ ಕಾವಲು ಕಾಯ್ತದೆ. ಹೆಬ್ಬಾಳದ ಗಿರಿರಾಜ ತಂದವರು ಒಂದು ನೆನಪಿಡಿ, ಅದು ತೂಕದ ಕೋಳಿ. ಊರ ಕೋಳಿಯ ಹಾಗೆ ಹಾರಿ ಹಲಸಿನ ಕೊಂಬೆ ಏರಲಿಕ್ಕೆ ಅದಕ್ಕೆ ಆಗುವುದಿಲ್ಲ. ಮರಿಗಳನ್ನು ಮಾತ್ರ ಮೊದಲ ಆರು ವಾರ ಸುಮ್ಮನೆ ಬಿಡಬೇಡಿ. ತಾಯಿಯನ್ನು ದೊಡ್ಡ ಹೆಡಿಗೆಯ ಅಡಿ ಹಾಕಿದರೆ ಮರಿ ಸುತ್ತ ಆಡಿಕೊಂಡು ಕೂಗು ಕೇಳಿದ ಕೂಡಲೇ ಒಳಗೆ ನುಗ್ಗುತ್ತದೆ. ಅಮ್ಮನಿಗೆ ಗೊತ್ತಿದ್ದ ಉಪಾಯ ಇದು, ನಾವು ಮರೆತದ್ದು.

ಬಂದರಿನಿಂದ ಹಳೆ ಮೀನುಬಲೆ ತಂದು ಮೇಲೆ ಕಟ್ಟುವವರು ಇದ್ದಾರೆ, ಗಿಡುಗಕ್ಕೆ ಒಳ್ಳೆಯದು. ಆದರೆ ಬಲೆಯನ್ನು ನೆಲದವರೆಗೆ ಇಳಿಬಿಡಬೇಡಿ. ಕೇರೆ ಹಾವು ಸಿಕ್ಕಿಕೊಂಡು ಸಾಯ್ತದೆ. ಇಲಿ ಹಿಡಿಯುವ ಹಾವನ್ನು ಕೊಂದು ಇಲಿ ಸಾಕಿದ ಹಾಗೆ ಆಗ್ತದೆ.

ಇನ್ನು ರಾತ್ರಿಯ ಗೂಡು. ಅಂಗಡಿಯಲ್ಲಿ ಕೋಳಿ ಬಲೆ ಅಂತ ಕೊಡುವ ಆರು ಮೂಲೆಯ ತೆಳ್ಳಗಿನ ಬಲೆ ಕೋಳಿ ಹೊರಗೆ ಹೋಗದ ಹಾಗೆ ಮಾಡ್ತದೆ, ನಾಯಿ ಒಳಗೆ ಬಾರದ ಹಾಗೆ ಅಲ್ಲ. ನಾಯಿ ಅದನ್ನು ಹಲ್ಲಿನಲ್ಲಿ ಹರೀತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಬಲೆಗೆ ದುಡ್ಡು ಹೆಚ್ಚು, ಆದರೆ ಒಮ್ಮೆ ಹಾಕಿದರೆ ಮುಗಿಯಿತು. ಗೂಡು ನೆಲದಿಂದ ಎರಡೂವರೆ ಅಡಿ ಎತ್ತರ ಇರಲಿ. ನೆಲದಲ್ಲೇ ಆದರೆ ಸುತ್ತ ಒಂದು ಸಾಲು ಕೆಂಪು ಕಲ್ಲು ಹೂಳಿ, ಅಡಿಯಿಂದ ತೋಡುವುದು ನಿಲ್ಲುತ್ತದೆ. ಹೆಬ್ಬಾವು ಕಂಡಿಯಲ್ಲಿ ನುಗ್ಗಿ ಕೋಳಿ ನುಂಗಿದ ಮೇಲೆ ಹೊಟ್ಟೆ ದಪ್ಪ ಆಗಿ ಹೊರಗೆ ಹೋಗಲಿಕ್ಕಾಗದೆ ಅಲ್ಲೇ ಮಲಗಿರ್ತದೆ. ಹೊಡೆಯಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಗಿಲಿಗೆ ಚಿಲಕ ಎರಡು ಇರಲಿ, ಮೇಲೆ ಒಂದು ಕೆಳಗೆ ಒಂದು. ಹಲಗೆ ಅಡ್ಡ ಇಟ್ಟರೆ ಎಂತ ಆಗ್ತದೆ ಅಂತ ನನಗೆ ಈಗ ಗೊತ್ತುಂಟು.

ವಿಷ, ಉರುಳು, ಕರೆಂಟು ಯಾಕೆ ಬೇಡ ಅಂತಲೂ ಹೇಳಿಬಿಡ್ತೇನೆ. ವಿಷ ಯಾರ ಬಾಯಿಗೆ ಹೋಗ್ತದೆ ಅಂತ ಇಟ್ಟವನ ಕೈಯಲ್ಲಿ ಇಲ್ಲ. ನಮ್ಮ ನಾಯಿ, ಪಕ್ಕದ ಮನೆಯ ಬೆಕ್ಕು, ಸತ್ತದ್ದನ್ನು ತಿಂದ ಗಿಡುಗ, ಎಲ್ಲ ಸಾಯ್ತವೆ. ಪುನುಗು ಹೋಗಲಿಕ್ಕಿಲ್ಲ. ಉರುಳಿಗೆ ಬೀಳುವುದು ಯಾವುದು ಅಂತಲೂ ಹೇಳಲಿಕ್ಕಾಗುವುದಿಲ್ಲ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದ ಸುದ್ದಿ ಪೇಪರಿನಲ್ಲಿ ನೀವೂ ಓದಿದ್ದೀರಿ. ಮನೆಯ 230 ವೋಲ್ಟ್ ಬೇಲಿಗೆ ಕೊಟ್ಟರೆ ಬೆಳಿಗ್ಗೆ ಹುಲ್ಲಿಗೆ ಬರುವ ಮನುಷ್ಯನೇ ಹೋಗಬಹುದು, ದನ ಹೋಗಬಹುದು. ಝಟಕಾ ಮಾತ್ರ ಕೊಡುವ ಸೋಲಾರ್ ಬೇಲಿ ಬೇರೆ, ಇದು ಬೇರೆ. ಕೀರಿ, ಪುನುಗು, ಉಡ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರುವ ಪ್ರಾಣಿಗಳು, ಕೊಂದರೆ ಜೈಲು. ಕಾನೂನು ಬದಿಗಿಡಿ, ಕೀರಿ ತಿನ್ನುವುದು ವರ್ಷಕ್ಕೆ ನಮ್ಮ ನಾಲ್ಕು ಕೋಳಿ ಆದರೆ, ಇಲಿ ಎಷ್ಟು, ಹಾವು ಎಷ್ಟು ಅಂತ ಲೆಕ್ಕ ಇಟ್ಟವರು ನಮ್ಮಲ್ಲಿ ಯಾರೂ ಇಲ್ಲ. ತೋಟದಲ್ಲಿ ಬರಿಗಾಲಿನಲ್ಲಿ ನಡೆಯುವವರು ಅದನ್ನು ಸ್ವಲ್ಪ ಯೋಚಿಸಬೇಕು.

ಎಷ್ಟು ಮಾಡಿದರೂ ಹತ್ತು ಮರಿಯಲ್ಲಿ ಹತ್ತೂ ಉಳಿಯುವುದಿಲ್ಲ. ಏಳು ಉಳಿದರೆ ನಾನು ಖುಷಿ ಪಡ್ತೇನೆ. ಹಗಲಿನಲ್ಲಿ ಒಂದೆರಡು ಹೋಗುವುದು ಬಿಟ್ಟು ಸಾಕುವುದರ ಖರ್ಚು ಅಂತ ತಿಳಿಯಬೇಕು. ಆದರೆ ರಾತ್ರಿ ಗೂಡಿನೊಳಗೆ ಹನ್ನೊಂದು ಹೋದರೆ ಅದು ಖರ್ಚಲ್ಲ, ಅದು ನಮ್ಮ ಉದಾಸೀನ.

ಕೊನೆಗೆ ಒಂದು ಮಾತು. ಮದುವೆಗೋ ಆಟಕ್ಕೋ ಹೋಗುವಾಗ ದನಕ್ಕೆ ಹುಲ್ಲು ಹಾಕಲಿಕ್ಕೆ ಪಕ್ಕದ ಮನೆಯವರಿಗೆ ಹೇಳಿ ಹೋಗ್ತೇವೆ. ಕೋಳಿ ಬಾಗಿಲಿಗೆ ಹೇಳುವುದಿಲ್ಲ, ಅಷ್ಟು ಸಣ್ಣ ಕೆಲಸಕ್ಕೆ ಕೇಳುವುದು ಹೇಗೆ ಅಂತ ನಾಚಿಕೆ. ನಮ್ಮ ಸಾಲಿನ ಮೂರು ಮನೆಯವರು ಈಗ ಮಾತಾಡಿಕೊಂಡಿದ್ದೇವೆ. ಸಂಜೆ ಯಾರು ಮನೆಯಲ್ಲಿ ಇರುವುದಿಲ್ಲವೋ ಅವರು ಮಧ್ಯಾಹ್ನವೇ ಒಂದು ಫೋನ್ ಮಾಡಬೇಕು, ಇದ್ದವರು ಹೋಗಿ ತಲೆ ಲೆಕ್ಕ ಮಾಡಿ ಚಿಲಕ ಹಾಕಬೇಕು. ಹತ್ತು ನಿಮಿಷದ ಕೆಲಸ. ಒಂದು ತಿಂಗಳಾಯ್ತು, ಮೂರು ಮನೆಯಲ್ಲಿ ರಾತ್ರಿ ಒಂದು ಕೋಳಿಯೂ ಹೋಗಲಿಲ್ಲ. ಪುನುಗು ಬರುವುದು ನಿಲ್ಲಿಸಿಲ್ಲ, ಗೂಡಿನ ಸುತ್ತ ಕೆಸರಿನಲ್ಲಿ ಅದರ ಹೆಜ್ಜೆ ಮೊನ್ನೆಯೂ ಇತ್ತು. ಸುತ್ತು ಹಾಕಿ, ಬಾಗಿಲು ನೋಡಿ, ಹಾಗೇ ಹೋಗಿದೆ.

ನಿಮ್ಮ ಸಾಲಿನಲ್ಲೂ ಒಮ್ಮೆ ಮಾತಾಡಿ ನೋಡಿ. ಇವತ್ತು ಸಂಜೆ ಮನೆಯಲ್ಲಿ ಇರುವುದಿಲ್ಲ ಅಂತಾದರೆ ಈಗಲೇ ಒಂದು ಫೋನ್ ಮಾಡಿಬಿಡಿ.